ಹರೀರಾ: ಮೊರಾಕ್ಕೊದ ಇಫ್ತಾರ್ ಸೂಪು, ಕಡಲೆ ನೆನೆಹಾಕುವುದರಿಂದ ಬಟ್ಟಲಿಗೆ ಬಡಿಸುವವರೆಗೆ

ರಂಜಾನ್ ತಿಂಗಳಲ್ಲಿ ಫೆಜ್ ನಗರದ ಹಳೆಯ ಪೇಟೆಯ ಗಲ್ಲಿಗಳಲ್ಲಿ ಸಂಜೆ ನಡೆದು ಹೋದರೆ ಮನೆಮನೆಯಿಂದಲೂ ಒಂದೇ ಪರಿಮಳ ಬರುತ್ತದೆ. ಬೆಂದ ಟೊಮೆಟೊ, ಸೆಲರಿ ಎಲೆ, ಒಣಶುಂಠಿ, ಅವುಗಳ ಹಿಂದೆ ಎಲ್ಲೋ ಸಣ್ಣಗೆ ದಾಲ್ಚಿನ್ನಿ. ಹರೀರಾ ಕುದಿಯುತ್ತಿದೆ ಎಂದು ಅರ್ಥ.

2019ರ ಮೇ ತಿಂಗಳಲ್ಲಿ ನಾನು ಅಲ್ಲಿ ಒಂದು ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿಯನ್ನು ಓಣಿಯ ಮಕ್ಕಳೆಲ್ಲ ‘ಖಾಲ್ತಿ’ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ನಮ್ಮಲ್ಲಿ ಉರ್ದು ಮಾತನಾಡುವ ಮನೆಗಳಲ್ಲಿ ತಾಯಿಯ ಅಕ್ಕತಂಗಿಯರಿಗೆ ‘ಖಾಲಾ’ ಎನ್ನುತ್ತಾರಲ್ಲ, ಅದೇ ಮಾತು. ಆ ಅಡುಗೆಮನೆಯಲ್ಲಿ ನನ್ನ ಪಾಲಿಗೊಂದು ಕೆಲಸ ತಾನಾಗಿಯೇ ಬಂತು. ಮನೆಯವರೆಲ್ಲ ಉಪವಾಸ, ಉಪವಾಸವಿಲ್ಲದವನು ನಾನೊಬ್ಬನೇ. ಮೂರನೆಯ ಸಂಜೆ ಖಾಲ್ತಿ ಸೌಟಿನ ತುದಿಯಲ್ಲಿ ಒಂದಿಷ್ಟು ಸೂಪು ತೆಗೆದು, ಊದಿ, ನನ್ನ ಅಂಗೈಗೆ ಬಿಟ್ಟು, ‘ಮೆಲ್ಹಾ?’ ಎಂದರು. ಉಪ್ಪು ಸರಿಯೇ ಎಂದು. ಅಂದಿನಿಂದ ತಿಂಗಳು ಮುಗಿಯುವವರೆಗೆ ಆ ಮನೆಯ ಹರೀರಾದ ಉಪ್ಪು ನೋಡಿದವನು ನಾನು. ನೋಡುತ್ತ ನೋಡುತ್ತ ಉಳಿದದ್ದನ್ನೂ ಕಲಿತೆ.

ಕಲಿತದ್ದರ ಸಾರ ಇಷ್ಟು. ಹರೀರಾದ ರುಚಿ ಮಸಾಲೆಯಲ್ಲಿಲ್ಲ, ಕೊನೆಯಲ್ಲಿ ಹಿಟ್ಟು ಕದಡಿ ಹೊಯ್ಯುವ ಕೈಯಲ್ಲಿದೆ. ನಮ್ಮಲ್ಲಿ ಇದನ್ನು ಮಾಡಲು ಹೊರಟವರು ಹೆಚ್ಚಾಗಿ ಬಿಟ್ಟುಬಿಡುವುದು ಅದನ್ನೇ. ಬಿಟ್ಟರೆ ಸಿಗುವುದು ಕಾಳು ಹಾಕಿದ ಟೊಮೆಟೊ ಸಾರು.

ಹೆಸರಿನ ಬಗ್ಗೆ

ಅರಬ್ಬಿಯಲ್ಲಿ ‘ಹರೀರ್’ ಎಂದರೆ ರೇಷ್ಮೆ. ಸೂಪಿನ ನುಣುಪಿಗೆ ಈ ಹೆಸರು ಬಂತು ಎಂದು ಮೊರಾಕ್ಕೊದವರು ಹೇಳುತ್ತಾರೆ, ಬಟ್ಟಲು ಬಾಯಿಗಿಟ್ಟರೆ ಆ ಮಾತು ಒಪ್ಪಿಗೆಯಾಗುತ್ತದೆ. ಹಳೆಯ ಅರಬ್ಬಿ ನಿಘಂಟುಗಳಲ್ಲಿ ಹರೀರಾ ಎಂದರೆ ಹಿಟ್ಟನ್ನು ಹಾಲಿನಲ್ಲೋ ಕೊಬ್ಬಿನಲ್ಲೋ ಬೇಯಿಸಿದ ಗಂಜಿ. ಹೈದರಾಬಾದ್ ಸೀಮೆಯ ಉರ್ದು ಮನೆಗಳಲ್ಲಿ ಇದೇ ಹೆಸರಿನ ಬಾದಾಮಿ ಹಾಲಿನ ಸಿಹಿ ಪೇಯವನ್ನು ಬಾಣಂತಿಯರಿಗೆ ಕೊಡುತ್ತಾರೆ. ಹೆಸರು ಒಂದೇ ಆದರೂ ಅಡುಗೆ ಬೇರೆ, ಗೊಂದಲ ಬೇಡ. ಮೊರಾಕ್ಕೊದ ಹರೀರಾಕ್ಕೆ ಈಗಿನ ಕೆಂಪು ಬಣ್ಣ ಬಂದದ್ದೂ ತಡವಾಗಿ, ಟೊಮೆಟೊ ಅಮೆರಿಕದಿಂದ ಸಮುದ್ರ ದಾಟಿ ಬಂದ ಮೇಲೆ. ಅದಕ್ಕೂ ಮೊದಲಿನ ಹರೀರಾದಲ್ಲಿ ಹಿಟ್ಟೇ ಮುಖ್ಯ. ಹಿಟ್ಟಿನ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಇದೂ ಒಂದು ಕಾರಣ.

ಬೇಕಾದ ಸಾಮಾನು

ಎಂಟು ಜನರಿಗೆ, ಸುಮಾರು 3 ಲೀಟರ್ ಸೂಪಿಗೆ ಇದು ಲೆಕ್ಕ. ದಪ್ಪ ತಳದ 6 ಲೀಟರ್ ಪಾತ್ರೆ ಇರಲಿ. ತೆಳು ತಳದ ಪಾತ್ರೆಯಲ್ಲಿ ಹಿಟ್ಟು ಬಿದ್ದೊಡನೆ ತಳ ಹಿಡಿಯುತ್ತದೆ.

ಕಾಳುಗಳಲ್ಲಿ ಕಾಬೂಲಿ ಕಡಲೆ 150 ಗ್ರಾಂ, ಇಡೀ ಮಸೂರ 100 ಗ್ರಾಂ. ಮಸೂರ ಎಂದರೆ ಸಿಪ್ಪೆ ತೆಗೆದ ಕಿತ್ತಳೆ ಬಣ್ಣದ ಚನ್ನಂಗಿ ಬೇಳೆಯಲ್ಲ, ಕಂದು ಸಿಪ್ಪೆಯ ಇಡೀ ಕಾಳು. ಬೇಳೆ ಕರಗಿಹೋಗುತ್ತದೆ, ಕಾಳು ಬಾಯಿಗೆ ಸಿಗುತ್ತದೆ. ಕುರಿ ಮಾಂಸ 300 ಗ್ರಾಂ, ಬೆರಳಿನ ತುದಿಯಷ್ಟು ಸಣ್ಣ ತುಂಡುಗಳಾಗಿ. ಜೊತೆಗೆ ಒಂದೆರಡು ಮೂಳೆ ಸಿಕ್ಕರೆ ರಸಕ್ಕೆ ಮೈ ಬರುತ್ತದೆ. ಇದು ಮಾಂಸದ ಸಾರಲ್ಲ, ಚಮಚಕ್ಕೆ ಒಂದು ತುಂಡು ಬಂದರೆ ಸಾಕು.

ತರಕಾರಿಯಲ್ಲಿ ಚೆನ್ನಾಗಿ ಹಣ್ಣಾದ ಟೊಮೆಟೊ 1 ಕಿಲೊ, ಈರುಳ್ಳಿ 2, ಎಲೆಸಮೇತ ಸೆಲರಿ 4 ದಂಟು, ಕೊತ್ತಂಬರಿ ಒಂದು ಕಟ್ಟು, ಪಾರ್ಸ್ಲಿ ಒಂದು ಕಟ್ಟು. ಟೊಮೆಟೊ ಪೇಸ್ಟ್ 3 ದೊಡ್ಡ ಚಮಚ. ಮೊರಾಕ್ಕೊದ ಸೆಲರಿ ನಮ್ಮ ಅಂಗಡಿಗಳಲ್ಲಿ ಸಿಗುವಂತೆ ದಪ್ಪ ದಂಟಿನದಲ್ಲ. ಕಡ್ಡಿಯಂತೆ ತೆಳು, ಎಲೆ ಹೆಚ್ಚು, ವಾಸನೆಯೂ ಹೆಚ್ಚು. ಆದ್ದರಿಂದ ನಮ್ಮ ಸೆಲರಿಯ ಎಲೆಗಳನ್ನು ಒಂದೂ ಎಸೆಯಬೇಡಿ, ಪರಿಮಳ ಇರುವುದು ಅಲ್ಲೇ. ಪಾರ್ಸ್ಲಿ ಸಿಗದಿದ್ದರೆ ಕೊತ್ತಂಬರಿಯನ್ನೇ ಹೆಚ್ಚಿಸಿಕೊಳ್ಳಬಹುದು. ಸೆಲರಿ ಸಿಗದಿದ್ದರೆ ಮಾತ್ರ, ಸಿಗುವ ದಿನದವರೆಗೆ ಕಾಯುವುದು ಒಳ್ಳೆಯದು. ಅದಿಲ್ಲದೆ ಹರೀರಾದ ವಾಸನೆ ಹುಟ್ಟುವುದಿಲ್ಲ.

ಮಸಾಲೆ ಬಹಳ ಸೌಮ್ಯ. ಒಣಶುಂಠಿ ಪುಡಿ ಒಂದೂವರೆ ಸಣ್ಣ ಚಮಚ, ಕಾಳುಮೆಣಸಿನ ಪುಡಿ 1 ಸಣ್ಣ ಚಮಚ, ಅರಿಸಿನ ಅರ್ಧ ಚಮಚ, ಎರಡು ಅಂಗುಲ ದಾಲ್ಚಿನ್ನಿ, ಹತ್ತು ಹನ್ನೆರಡು ಎಳೆ ಕೇಸರಿ. ಹಸಿಮೆಣಸು, ಖಾರದ ಪುಡಿ, ಒಗ್ಗರಣೆ ಯಾವುದೂ ಇಲ್ಲ. ಹದಿನಾಲ್ಕು ಗಂಟೆ ಖಾಲಿಯಿದ್ದ ಹೊಟ್ಟೆಗೆ ಮೊದಲು ಇಳಿಯುವ ಬಿಸಿ ಆಹಾರ ಇದು, ಖಾರ ಹಾಕಿ ಅದನ್ನು ಕೆಣಕಬಾರದು. ಒಣಶುಂಠಿಗೆ ಖಾಲ್ತಿ ‘ಸ್ಕಿಂಜ್ಬೀರ್’ ಎನ್ನುತ್ತಿದ್ದರು. ಆ ಪದದ ಬೇರು ಹುಡುಕುತ್ತ ಹೋದ ಭಾಷಾ ಪಂಡಿತರು ಗ್ರೀಕ್, ಪ್ರಾಕೃತ ದಾಟಿ ದಕ್ಷಿಣ ಭಾರತಕ್ಕೆ ಬಂದು ನಿಲ್ಲುತ್ತಾರೆ. ಅದರ ಬಾಲದಲ್ಲಿರುವ ‘ಬೀರ್’ ನಮ್ಮ ‘ಬೇರು’ ಪದದ ಬಳಗದ್ದು. ಇದು ತಿಳಿದ ಮೇಲೆ ಆ ಡಬ್ಬಿಯನ್ನು ತೆರೆಯುವಾಗಲೆಲ್ಲ ನನಗೆ ಊರಿನ ಸಂತೆ ನೆನಪಾಗುತ್ತಿತ್ತು.

ಎಣ್ಣೆ 2 ದೊಡ್ಡ ಚಮಚ. ‘ಸ್ಮೆನ್’ 1 ಸಣ್ಣ ಚಮಚ. ಸ್ಮೆನ್ ಎಂದರೆ ಉಪ್ಪು ಹಾಕಿ ನಾದಿ, ಮಣ್ಣಿನ ಭರಣಿಯಲ್ಲಿ ತಿಂಗಳುಗಟ್ಟಲೆ ಮಾಗಿಸಿದ ಬೆಣ್ಣೆ. ವಾಸನೆ ಹಳೆಯ ಚೀಸಿನಂತೆ ಜೋರು. ನಮ್ಮಲ್ಲಿ ಅದು ಸಿಗುವುದಿಲ್ಲ, ಬೆಣ್ಣೆ ಕಾಸಿದ ತುಪ್ಪ ಹಾಕಿ.

ಕೊನೆಯ ಹಂತಕ್ಕೆ ತೆಳು ಶಾವಿಗೆ 40 ಗ್ರಾಂ, ಮೈದಾ 100 ಗ್ರಾಂ, ನಿಂಬೆಹಣ್ಣು 2.

ಹಿಂದಿನ ರಾತ್ರಿ

ಕಡಲೆಯನ್ನು ಮೂರರಷ್ಟು ನೀರಿನಲ್ಲಿ ನೆನೆಹಾಕಿ. ಕನಿಷ್ಠ ಹತ್ತು ಗಂಟೆ ಬೇಕು. ಮಸೂರ ನೆನೆಯಬೇಕಿಲ್ಲ.

ಬೆಳಿಗ್ಗೆ ಕಡಲೆಯ ಸಿಪ್ಪೆ ತೆಗೆಯಬೇಕು. ಇದನ್ನು ಬಿಟ್ಟುಬಿಡಬಹುದೇ ಎಂದು ಕೇಳುವವರಿದ್ದಾರೆ. ಬಿಡಬೇಡಿ ಎನ್ನುತ್ತೇನೆ. ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹಿಸುಕಿದರೆ ಸಿಪ್ಪೆ ಬೆರಳಲ್ಲಿ ಉಳಿದು ಕಾಳು ಜಾರಿ ಬಟ್ಟಲಿಗೆ ಬೀಳುತ್ತದೆ. ಬೇಗ ಆಗಬೇಕಾದರೆ ಒದ್ದೆ ಕಡಲೆಯನ್ನು ಒರಟು ಬಟ್ಟೆಯಲ್ಲಿ ಹಾಕಿ ಉಜ್ಜಿ, ನೀರು ತುಂಬಿದ ಬೋಗುಣಿಗೆ ಸುರಿಯಿರಿ. ಸಿಪ್ಪೆ ತೇಲುತ್ತದೆ, ಕಾಳು ಮುಳುಗುತ್ತದೆ. 150 ಗ್ರಾಂ ಕಡಲೆಗೆ ಹದಿನೈದು ನಿಮಿಷ ಸಾಕು. ಸಿಪ್ಪೆ ಉಳಿದರೆ ಅದು ಸೂಪಿನಲ್ಲಿ ಬಿಡಿಬಿಡಿಯಾಗಿ ತೇಲಿ ನಾಲಿಗೆಗೆ ಕಾಗದದ ಚೂರಿನಂತೆ ತಗಲುತ್ತದೆ. ರೇಷ್ಮೆ ಎಂದು ಹೆಸರಿಟ್ಟುಕೊಂಡ ಸೂಪಿಗೆ ಅದು ಒಪ್ಪುವುದಿಲ್ಲ.

ಬಹಳ ಮನೆಗಳಲ್ಲಿ ಈ ಕೆಲಸ ರಂಜಾನ್‌ಗೆ ಮೊದಲೇ ಮುಗಿದಿರುತ್ತದೆ. ಸಿಪ್ಪೆ ತೆಗೆದ ಕಡಲೆ, ಹೆಚ್ಚಿದ ಸೊಪ್ಪು, ಟೊಮೆಟೊ ರಸ ಎಲ್ಲವನ್ನೂ ದಿನದಿನದ ಅಳತೆಗೆ ಪೊಟ್ಟಣ ಕಟ್ಟಿ ಫ್ರೀಜರ್‌ನಲ್ಲಿಡುತ್ತಾರೆ. ತಿಂಗಳಿಡೀ ಮಾಡುವವರು ನೀವೂ ಹಾಗೆಯೇ ಮಾಡಿಕೊಳ್ಳಿ.

ಮಗ್ರಿಬ್‌ಗೆ ಮೂರು ಗಂಟೆ ಇರುವಾಗ

ಮಗ್ರಿಬ್ ಎಂದರೆ ಸೂರ್ಯಾಸ್ತದ ನಮಾಜಿನ ಹೊತ್ತು, ಉಪವಾಸ ಬಿಡುವ ಹೊತ್ತು. ಹರೀರಾವನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ ಮಾಡಬೇಕು. 2018ರಿಂದ ಮೊರಾಕ್ಕೊದಲ್ಲಿ ವರ್ಷವಿಡೀ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ರಂಜಾನ್ ತಿಂಗಳಲ್ಲಿ ಮಾತ್ರ ಅದನ್ನು ಹಿಂದಕ್ಕೆ ತಿರುಗಿಸುತ್ತಾರೆ, ಉಪವಾಸ ಬಿಡುವ ಹೊತ್ತು ಗಡಿಯಾರದಲ್ಲಿ ಬೇಗ ಬರಲಿ ಎಂದು. ಇಡೀ ದೇಶವೇ ಆ ಕ್ಷಣಕ್ಕೆ ಹೊಂದಿಕೊಳ್ಳುವಾಗ ಒಲೆಯೂ ಹೊಂದಿಕೊಳ್ಳಲೇಬೇಕು.

ಪಾತ್ರೆಗೆ ಎಣ್ಣೆ, ಸ್ಮೆನ್ ಅಥವಾ ತುಪ್ಪ ಹಾಕಿ. ಮಾಂಸ, ಮೂಳೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಸೆಲರಿ ದಂಟು ಮತ್ತು ಎಲೆ, ಪಾರ್ಸ್ಲಿ ಪೂರ್ತಿ, ಕೊತ್ತಂಬರಿಯಲ್ಲಿ ಅರ್ಧ, ಕೇಸರಿ ಬಿಟ್ಟು ಉಳಿದ ಮಸಾಲೆ, 2 ಸಣ್ಣ ಚಮಚ ಉಪ್ಪು ಎಲ್ಲವನ್ನೂ ಒಟ್ಟಿಗೆ ಹಾಕಿ. ಹೌದು, ಒಟ್ಟಿಗೆ. ನಮ್ಮ ಅಡುಗೆಯಲ್ಲಿ ಈರುಳ್ಳಿ ಕೆಂಪಗಾಗುವವರೆಗೆ ಹುರಿದು ಒಂದೊಂದಾಗಿ ಸೇರಿಸುವ ಅಭ್ಯಾಸವಿದ್ದವರ ಕೈ ಇಲ್ಲಿ ತಡೆಯುತ್ತದೆ. ಇಲ್ಲಿ ಯಾವುದೂ ಕೆಂಪಗಾಗಬಾರದು. ಸಣ್ಣ ಉರಿಯಲ್ಲಿ ಹತ್ತು ನಿಮಿಷ, ಈರುಳ್ಳಿ ನೀರು ಬಿಟ್ಟು ಮೆತ್ತಗಾಗಿ, ಸೊಪ್ಪು ಬಾಡಿ, ಮಾಂಸದ ಕೆಂಪು ಹೋಗಿ ಬೆಳ್ಳಗಾದರೆ ಸಾಕು.

ಈಗ 2 ಲೀಟರ್ ನೀರು, ಸಿಪ್ಪೆ ತೆಗೆದ ಕಡಲೆ. ಕುದಿ ಬಂದಾಗ ಮೇಲೆ ಬರುವ ಬೂದು ನೊರೆಯನ್ನು ತೆಗೆದು, ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ಒಂದೂಕಾಲು ಗಂಟೆ ಬೇಯಿಸಿ. ಕುಕ್ಕರ್ ಬಳಸಿದರೆ ಮೊದಲ ವಿಷಲ್ ಆದ ಮೇಲೆ ಉರಿ ತಗ್ಗಿಸಿ 20 ನಿಮಿಷ. ಅಲ್ಲಿನ ಮನೆಗಳಲ್ಲಿಯೂ ಕುಕ್ಕರ್ ಸಾಮಾನ್ಯ, ಅದನ್ನು ಬಳಸಿದರೆ ರುಚಿಗೆ ಮೋಸವೇನೂ ಆಗುವುದಿಲ್ಲ. ಒಂದು ಕಾಳು ತೆಗೆದು ಹಿಸುಕಿ ನೋಡಿ. ಮುಕ್ಕಾಲು ಬೆಂದು, ನಡುವೆ ಸ್ವಲ್ಪ ಗಟ್ಟಿ ಉಳಿದಿದ್ದರೆ ಅದು ಹದ.

ಒಂದೂವರೆ ಗಂಟೆ ಇರುವಾಗ

ಮಸೂರವನ್ನು ತೊಳೆದು ಹಾಕಿ. ಇಪ್ಪತ್ತು ನಿಮಿಷ ಬೇಯಲಿ. ಅಲ್ಲಿಯವರೆಗೆ ಟೊಮೆಟೊ ಹಾಕುವ ಆತುರ ಬೇಡ. ಹುಳಿ ಇರುವ ನೀರಿನಲ್ಲಿ ಕಾಳಿನ ಗೋಡೆ ಬಿಗಿಯಾಗಿಯೇ ಉಳಿಯುತ್ತದೆ, ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಹುಣಸೆ ಹುಳಿ ಬಿಟ್ಟ ಮೇಲೆ ಬೇಳೆ ಬೇಯುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಅದೇ ನಿಯಮ.

ಈ ನಡುವೆ ಟೊಮೆಟೊ ಸಿದ್ಧಪಡಿಸಿ. ಹಣ್ಣನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಕತ್ತರಿಸಿದ ಮೈಯನ್ನು ತುರಿಯುವ ಮಣೆಗೆ ಒತ್ತಿ ತುರಿಯಿರಿ. ತಿರುಳು ಕೆಳಗೆ ಬೀಳುತ್ತದೆ, ಸಿಪ್ಪೆ ಅಂಗೈಯಲ್ಲಿ ಉಳಿಯುತ್ತದೆ. ಆ ತಿರುಳನ್ನು ಜರಡಿಯಲ್ಲಿ ಸೋಸಿದರೆ ಬೀಜವೂ ಹೋಗುತ್ತದೆ. ಮಿಕ್ಸಿಯಲ್ಲಿ ರುಬ್ಬುವವರು ಸೋಸುವುದನ್ನು ಮಾತ್ರ ಮರೆಯಬಾರದು. ಈ ರಸವನ್ನು, ಟೊಮೆಟೊ ಪೇಸ್ಟನ್ನು ಪಾತ್ರೆಗೆ ಸೇರಿಸಿ ಇನ್ನೂ ಅರ್ಧ ಗಂಟೆ, ಹಸಿ ವಾಸನೆ ಹೋಗುವವರೆಗೆ, ಮುಚ್ಚಳ ಓರೆ ಮಾಡಿ ಕುದಿಸಿ.

ಉಪ್ಪಿನ ಮಾತು ಬರುವುದು ಇಲ್ಲಿ. ಉಪವಾಸವಿದ್ದು ಅಡುಗೆ ಮಾಡುವವರಿಗೆ ನನ್ನಂಥ ಬಾಡಿಗೆದಾರ ಇರಬೇಕೆಂದಿಲ್ಲ. ಸಾಮಾನ್ಯವಾಗಿ ಉಪವಾಸದ ವಯಸ್ಸಾಗದ ಮಗುವನ್ನು ಕರೆಯುತ್ತಾರೆ. ಮಗುವೂ ಇಲ್ಲದಿದ್ದರೆ ತಕ್ಕಡಿಯನ್ನು ನಂಬಿ: 3 ಲೀಟರ್ ಸೂಪಿಗೆ ಒಟ್ಟು 22ರಿಂದ 24 ಗ್ರಾಂ ಉಪ್ಪು, ಅಂದರೆ ಮಟ್ಟಸವಾದ ಸಣ್ಣ ಚಮಚದಲ್ಲಿ ಸುಮಾರು ನಾಲ್ಕು. ಎರಡು ಈಗಾಗಲೇ ಹಾಕಿದ್ದೀರಿ, ಈಗ ಇನ್ನೊಂದು, ಕೊನೆಯದು ಹಿಟ್ಟು ಹಾಕಿದ ಮೇಲೆ. ಪೇಸ್ಟ್ ಉಪ್ಪಿನದಾಗಿದ್ದರೆ ಕೊನೆಯ ಚಮಚ ಅರ್ಧ ಸಾಕು.

ತದ್ವೀರಾ

ಹಿಟ್ಟು ಕದಡಿದ ನೀರಿಗೆ ಮೊರಾಕ್ಕೊದಲ್ಲಿ ‘ತದ್ವೀರಾ’ ಎನ್ನುತ್ತಾರೆ. ತಿರುಗಿಸು ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಬಂದ ಪದ. ಹೆಸರಿನಲ್ಲೇ ವಿಧಾನ ಇದೆ.

ಅಂಬಲಿ ಕಾಯಿಸಿದ ಕೈಗೆ ಇದು ಹೊಸದಲ್ಲ. ರಾಗಿ ಹಿಟ್ಟನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆಂದು ತಣ್ಣೀರಿನಲ್ಲಿ ಕದಡಿ, ತಿರುಗಿಸುತ್ತ ಹೊಯ್ಯುತ್ತೇವಲ್ಲ, ಇಲ್ಲಿಯೂ ಅಷ್ಟೇ. 100 ಗ್ರಾಂ ಮೈದಾಕ್ಕೆ ಮೊದಲು ಸ್ವಲ್ಪವೇ ತಣ್ಣೀರು ಹಾಕಿ ದೋಸೆ ಹಿಟ್ಟಿನಂತೆ ಕಲಸಿ, ಗಂಟೆಲ್ಲ ಒಡೆದ ಮೇಲೆ ಉಳಿದ ನೀರು ಸೇರಿಸಿ. ಒಟ್ಟು 400 ಮಿಲಿ. ಬಳಿಕ ಜರಡಿ ಹಿಡಿಯಿರಿ. ಕೆಲವರು ಇದನ್ನು ಹಿಂದಿನ ದಿನವೇ ಕಲಸಿ ಹುಳಿಬರಲು ಬಿಡುತ್ತಾರೆ. ಹುದುಗಿದ ತದ್ವೀರಾದಿಂದ ಸೂಪಿಗೆ ತೆಳುವಾದ ಹುಳಿ ಬರುತ್ತದೆ. ನನಗೆ ಅದೇ ಹೆಚ್ಚು ಇಷ್ಟ. ದೋಸೆ ಹಿಟ್ಟು ಹುದುಗಿಸುವ ನಮಗೆ ಅದು ಕಷ್ಟವೂ ಅಲ್ಲ: ರಾತ್ರಿ ಕಲಸಿ ಬಟ್ಟೆ ಮುಚ್ಚಿಡಿ, ಬೆಳಿಗ್ಗೆ ಸಣ್ಣ ಗುಳ್ಳೆ ಕಂಡರೆ ಫ್ರಿಜ್‌ಗೆ ಸೇರಿಸಿ.

ಮಗ್ರಿಬ್‌ಗೆ ಅರ್ಧ ಗಂಟೆ ಇರುವಾಗ ಶಾವಿಗೆಯನ್ನು ಮುರಿದು ಪಾತ್ರೆಗೆ ಹಾಕಿ. ಹುರಿಯದ ಶಾವಿಗೆಯೇ ಆಗಬೇಕು. ಬದಲಿಗೆ 2 ದೊಡ್ಡ ಚಮಚ ಅಕ್ಕಿ ಹಾಕುವ ಮನೆಗಳೂ ಉಂಟು. ಅಕ್ಕಿಯಾದರೆ ಇನ್ನೂ ಹತ್ತು ನಿಮಿಷ ಮೊದಲೇ ಹಾಕಬೇಕು. ಶಾವಿಗೆ ಹಾಕಿ ಮೂರು ನಿಮಿಷಕ್ಕೆ ತದ್ವೀರಾದ ಸರದಿ.

ಖಾಲ್ತಿ ಈ ಹೊತ್ತಿಗೆ ಎಲ್ಲರನ್ನೂ ಅಡುಗೆಮನೆಯಿಂದ ಹೊರಗೆ ಕಳಿಸುತ್ತಿದ್ದರು. ಉಪ್ಪಿನ ನೆಪದಲ್ಲಿ ನಾನು ಉಳಿಯುತ್ತಿದ್ದೆ. ಉರಿ ಮಧ್ಯಮಕ್ಕಿಂತ ಕೆಳಗೆ, ಸೂಪು ಕೊತಕೊತ ಎನ್ನದೆ ಅಂಚಿನಲ್ಲಷ್ಟೇ ಗುಳ್ಳೆಯಾಡುತ್ತಿರಬೇಕು. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಉದ್ದ ಹಿಡಿಯ ಮರದ ಸೌಟು. ತಳದಲ್ಲಿ ಕೂತ ಹಿಟ್ಟು ಏಳುವಂತೆ ಬಟ್ಟಲನ್ನು ಒಮ್ಮೆ ಕದಡಿ, ದಾರದಷ್ಟು ತೆಳು ಧಾರೆಯಾಗಿ ಬಿಡುತ್ತಿದ್ದರು. ‘ಶ್ವಿಯಾ, ಶ್ವಿಯಾ’ ಎಂದು ತಮಗೆ ತಾವೇ ಹೇಳಿಕೊಳ್ಳುವರು, ಮೆಲ್ಲಗೆ, ಮೆಲ್ಲಗೆ. ಸೌಟು ಒಮ್ಮೆಯೂ ನಿಲ್ಲುತ್ತಿರಲಿಲ್ಲ, ಪ್ರತಿ ಸುತ್ತಿನಲ್ಲೂ ತಳ ಸವರುತ್ತಿತ್ತು. ಮರ ತಳಕ್ಕೆ ಉಜ್ಜುವ ಸದ್ದು ಕೇಳಿಸುತ್ತಿದ್ದರೆ ಎಲ್ಲ ಸರಿಯಿದೆ ಎಂದು ಅರ್ಥ. ಸದ್ದು ಮಂದವಾದರೆ ತಳದಲ್ಲಿ ಹಿಟ್ಟು ಕೂರತೊಡಗಿದೆ ಎಂದು.

ಮೊದಲ ಅರ್ಧ ಬಟ್ಟಲಿಗೆ ಏನೂ ಆದಂತೆ ಕಾಣುವುದಿಲ್ಲ. ಆಮೇಲೆ ಸೂಪಿನ ಬಣ್ಣ ಕಡುಗೆಂಪಿನಿಂದ ಕಿತ್ತಳೆಗೆ ತಿರುಗುತ್ತದೆ, ಮೇಲ್ಮೈಗೆ ಹೊಳಪು ಬರುತ್ತದೆ, ಇಷ್ಟು ಹೊತ್ತು ತಳದಲ್ಲಿದ್ದ ಕಾಳುಗಳು ಮೇಲೆದ್ದು ನಡುವೆ ತೂಗಿಕೊಂಡು ನಿಲ್ಲುತ್ತವೆ. ಆ ಕ್ಷಣಕ್ಕೆ ಹೊಯ್ಯುವುದನ್ನು ನಿಲ್ಲಿಸಿ. ಬಟ್ಟಲಲ್ಲಿ ತದ್ವೀರಾ ಉಳಿದಿದ್ದರೆ ಉಳಿಯಲಿ. ಸಾರಿಗಿಂತ ಗಟ್ಟಿ, ಹುಳಿಗಿಂತ ತೆಳು, ಕುಡಿಯುವ ಅಂಬಲಿಯ ಹದ. ಸೌಟಿನ ಬೆನ್ನಿಗೆ ತೆಳುಪದರ ಅಂಟಿ, ಬೆರಳಿನಿಂದ ಗೆರೆ ಎಳೆದರೆ ಗೆರೆ ನಿಲ್ಲಬೇಕು. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುವುದರಿಂದ ಒಲೆಯ ಮೇಲೆ ಸ್ವಲ್ಪ ತೆಳುವೇ ಇರಲಿ.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಹಸಿ ಹಿಟ್ಟಿನ ರುಚಿ ಹೋಗಲು ಇನ್ನೂ ಹತ್ತರಿಂದ ಹದಿನೈದು ನಿಮಿಷ, ಮುಚ್ಚಳವಿಲ್ಲದೆ, ಆಗಾಗ ತಿರುಗಿಸುತ್ತ ಕುದಿಸಬೇಕು. ಬಿಳಿ ನೊರೆ ಏಳುತ್ತದೆ, ಅದನ್ನು ತೆಗೆಯುತ್ತಿರಿ. ಮುಚ್ಚಿದರೆ ಉಕ್ಕಿ ಒಲೆ ತುಂಬುತ್ತದೆ.

ಬೆಂಗಳೂರಿಗೆ ಬಂದು ಮೊದಲ ಸಲ ನಾನೇ ಮಾಡಿದಾಗ ಇಲ್ಲಿಯೇ ತಪ್ಪಿದೆ. ಹೊತ್ತಾಯಿತೆಂದು ತದ್ವೀರಾವನ್ನು ಒಮ್ಮೆಲೇ ಸುರಿದೆ. ಗಂಟಾಯಿತು, ಗಂಟು ಒಡೆಯುವಷ್ಟರಲ್ಲಿ ತಳ ಸೀಯಿತು. ಅಂಥ ಸಂದರ್ಭದಲ್ಲಿ ತಳ ಕೆರೆಯಬೇಡಿ, ಕೆರೆದರೆ ಸೀದ ವಾಸನೆ ಪಾತ್ರೆಯೆಲ್ಲ ಹರಡುತ್ತದೆ. ಮೇಲಿನದನ್ನಷ್ಟೇ ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಗಂಟು ಮಾತ್ರ ಆಗಿದ್ದರೆ ರಸವನ್ನು ಸೋಸಿ, ಕಾಳು ಮಾಂಸವನ್ನು ಆಯ್ದು ಮರಳಿ ಹಾಕಿದರೆ ಸೂಪು ಉಳಿಯುತ್ತದೆ.

ಕೊನೆಯ ಐದು ನಿಮಿಷ

ಬಿಸಿ ನೀರಿನಲ್ಲಿ ನೆನೆಸಿದ ಕೇಸರಿ, ಉಳಿದ ಅರ್ಧ ಕೊತ್ತಂಬರಿ, ಕೊನೆಯ ಉಪ್ಪು. ಒಂದು ಸುತ್ತು ತಿರುಗಿಸಿ ಒಲೆ ಆರಿಸಿ, ದಾಲ್ಚಿನ್ನಿ ತುಂಡು ತೆಗೆಯಿರಿ. ಒಂದು ಮೊಟ್ಟೆ ಒಡೆದು ಕದಡಿ ಈ ಹಂತದಲ್ಲಿ ಎಳೆಎಳೆಯಾಗಿ ಬಿಡುವವರೂ ಇದ್ದಾರೆ. ಖಾಲ್ತಿಯ ಮನೆಯಲ್ಲಿ ಆ ರೂಢಿ ಇರಲಿಲ್ಲ.

ಮಾಂಸ ತಿನ್ನದವರು ಮಾಂಸ, ಮೂಳೆ ಬಿಟ್ಟು ಉಳಿದದ್ದನ್ನೆಲ್ಲ ಹೀಗೆಯೇ ಮಾಡಬಹುದು. ಮೊರಾಕ್ಕೊದಲ್ಲೂ ಮಾಂಸವಿಲ್ಲದ ಹರೀರಾ ಮಾಡುವ ಮನೆಗಳು ಬೇಕಾದಷ್ಟಿವೆ. ತುಪ್ಪವನ್ನು ಒಂದು ದೊಡ್ಡ ಚಮಚಕ್ಕೆ ಏರಿಸಿ, ಕಡಲೆಯಲ್ಲಿ ಒಂದು ಹಿಡಿಯನ್ನು ಬೆಂದ ಮೇಲೆ ಅರೆದು ಸೇರಿಸಿ. ಆಗ ರಸ ತೆಳ್ಳಗೆನಿಸುವುದಿಲ್ಲ.

ಗಡಿ ದಾಟಿದರೆ ಪಾತ್ರೆಯೂ ಬದಲಾಗುತ್ತದೆ. ಅಲ್ಜೀರಿಯಾದ ಪಶ್ಚಿಮದಲ್ಲಿ, ಒರಾನ್, ತ್ಲೆಮ್ಸೆನ್ ಕಡೆ, ಹರೀರಾ ಇದೆ. ಅಲ್ಜೀರ್ಸ್‌ನಿಂದ ಪೂರ್ವಕ್ಕೆ ಹೋದರೆ ಇಫ್ತಾರ್‌ಗೆ ಎಳೆಯ ಹಸಿರು ಗೋಧಿಯ ನುಚ್ಚು ಹಾಕಿದ ಶೋರ್ಬಾ ಫ್ರೀಕ್, ಟುನೀಷಿಯಾದಲ್ಲೂ ಅದೇ. ಲಿಬಿಯಾದ ಶರ್ಬಾದಲ್ಲಿ ಮೇಲಿನಿಂದ ಒಣ ಪುದೀನ ಉದುರಿಸುತ್ತಾರೆ. ತದ್ವೀರಾದ ನುಣುಪು ಮಾತ್ರ ಮೊರಾಕ್ಕೊದ ಹರೀರಾದ ಗುರುತು.

ಬಡಿಸುವುದು

ಸೈರನ್ ಕೂಗುತ್ತದೆ, ಮಸೀದಿಯಿಂದ ಅಜಾನ್ ಕೇಳಿಸುತ್ತದೆ. ಮೊದಲು ಖರ್ಜೂರ, ಒಂದು ಗುಟುಕು ನೀರು ಅಥವಾ ಹಾಲು. ಆಮೇಲೆ ಹರೀರಾ. ಪಕ್ಕದಲ್ಲಿ ಬೇಯಿಸಿದ ಮೊಟ್ಟೆ, ಅದಕ್ಕೆ ಅದ್ದಲು ಉಪ್ಪು ಬೆರೆಸಿದ ಜೀರಿಗೆ ಪುಡಿ, ಮತ್ತು ‘ಶಬ್ಬಾಕಿಯಾ’: ಎಳ್ಳು, ಸೋಂಪು ಹಾಕಿದ ಹಿಟ್ಟನ್ನು ಹೂವಿನಂತೆ ಹೆಣೆದು, ಕರಿದು, ಜೇನಿನಲ್ಲಿ ಅದ್ದಿದ ಸಿಹಿ. ಒಂದು ಚಮಚ ಸೂಪು, ಒಂದು ಕಚ್ಚು ಶಬ್ಬಾಕಿಯಾ, ಮತ್ತೆ ಸೂಪು. ಹುಳಿ, ಜೇನು ಒಂದರ ಬೆನ್ನಿಗೆ ಒಂದು ಬರುವುದು ಮೊದಲ ದಿನ ನನಗೆ ವಿಚಿತ್ರವೆನಿಸಿತು, ವಾರದೊಳಗೆ ಅದಿಲ್ಲದೆ ಸೂಪು ಸೇರದಾಯಿತು. ಶಬ್ಬಾಕಿಯಾ ಮಾಡಲು ಆಗದಿದ್ದರೆ ಖರ್ಜೂರವೇ ಆ ಜಾಗ ತುಂಬುತ್ತದೆ.

ಬಟ್ಟಲು ಮಣ್ಣಿನದಾದರೆ ಬಿಸಿ ನಿಲ್ಲುತ್ತದೆ. ಚಮಚ ಮರದ್ದಿರಲಿ. ದಿನವಿಡೀ ಒಣಗಿದ ತುಟಿಗೆ ಬಿಸಿ ಸ್ಟೀಲು ತಾಗುವುದಕ್ಕೂ ಮರ ತಾಗುವುದಕ್ಕೂ ಬಹಳ ವ್ಯತ್ಯಾಸವಿದೆ. ನಿಂಬೆಯನ್ನು ಪಾತ್ರೆಗೆ ಹಿಂಡಬೇಡಿ, ಹೋಳು ಮಾಡಿ ಇಡಿ, ಬೇಕಾದವರು ತಮ್ಮ ಬಟ್ಟಲಿಗೆ ಹಿಂಡಿಕೊಳ್ಳಲಿ.

ಉಳಿದ ಹರೀರಾ ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ. ಶಾವಿಗೆ ನೀರು ಹೀರಿ ಮುದ್ದೆಯಾಗಿರುತ್ತದೆ, ಮತ್ತೆ ಬಿಸಿ ಮಾಡುವಾಗ ಅರ್ಧ ಲೋಟ ನೀರು ಬೆರೆಸಿ ಸಣ್ಣ ಉರಿಯಲ್ಲಿ ತಿರುಗಿಸುತ್ತ ಕಾಯಿಸಿ. ಹೆಚ್ಚು ದಿನಕ್ಕೆ ಇಡಬೇಕಾದರೆ ಟೊಮೆಟೊ ಬೆಂದ ಹಂತದಲ್ಲೇ, ಶಾವಿಗೆ ಮತ್ತು ತದ್ವೀರಾ ಹಾಕುವುದಕ್ಕೆ ಮೊದಲು, ಅರ್ಧ ಪಾಲು ತೆಗೆದು ಆರಿಸಿ ಫ್ರೀಜರ್‌ಗೆ ಹಾಕಿ. ಆಮೇಲೆ ಯಾವ ಸಂಜೆಯಾದರೂ ಅದನ್ನು ಕುದಿಗೆ ತಂದು, ಶಾವಿಗೆ ಮುರಿದು ಹಾಕಿ, 50 ಗ್ರಾಂ ಮೈದಾ ಕದಡಿಕೊಂಡು ಒಲೆಯ ಮುಂದೆ ನಿಂತರೆ ಸಾಕು.